ಉಪ್ಪುಗಾಳಿಗೆ ಕೈಕೊಡದ ಟ್ರಿಗರ್: ಏರ್‌ಸಾಫ್ಟ್ ಗನ್ನಿಗೆ ಮಾಸ್‌ಫೆಟ್ ಹಾಕುವ ಸಮಗ್ರ ಮಾರ್ಗದರ್ಶಿ

ಸುರತ್ಕಲ್‌ನ ಗೆಳೆಯನೊಬ್ಬ ಆಟಿ ತಿಂಗಳ ಒಂದು ಸಂಜೆ ತನ್ನ ಎಂ4 ಏರ್‌ಸಾಫ್ಟ್ ಗನ್ (ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು) ತಂದು ನನ್ನ ಮೇಜಿನ ಮೇಲಿಟ್ಟ. "ಮೂರು ಸಲ ಎಳೆದರೆ ಒಂದು ಸಲ ಕೆಲಸ ಮಾಡ್ತದೆ ಮಾರಾಯ. ಬ್ಯಾಟರಿ ಹೊಸತೇ ಉಂಟು" ಅಂದ. ಹೊರಗೆ ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಗೇರ್‌ಬಾಕ್ಸ್ ಬಿಚ್ಚಿ ಟ್ರಿಗರ್ ಕಾಂಟ್ಯಾಕ್ಟನ್ನು ದೀಪದ ಕೆಳಗೆ ಹಿಡಿದೆವು. ತಗಡುಗಳು ಒಂದನ್ನೊಂದು ಮುಟ್ಟುವ ಜಾಗ ಮಸಿ ಹಿಡಿದು ಕಪ್ಪಾಗಿತ್ತು. ಅದರ ನಡುವೆ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಗುಳಿಗಳು. ಅಂಚಿನಲ್ಲಿ ಹಸಿರು ಕಿಲುಬು. ಗನ್ ತೆಗೆದುಕೊಂಡು ಇನ್ನೂ ಒಂದು ವರ್ಷ ಆಗಿರಲಿಲ್ಲ.

ಮಂಗಳೂರಿನಲ್ಲಿ ಇದು ಎಲ್ಲರ ಕತೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಮಳೆ ನಿಂತರೆ ಸಮುದ್ರದ ಉಪ್ಪುಗಾಳಿ. ಬಯಲುಸೀಮೆಯಲ್ಲಿ ನಾಲ್ಕು ವರ್ಷ ಬಾಳುವ ಕಾಂಟ್ಯಾಕ್ಟ್ ಇಲ್ಲಿ ಎರಡು ಮಳೆಗಾಲ ಕಂಡರೆ ಹೆಚ್ಚು. ಹಾಗಾಗಿ ನಮ್ಮ ಕಡೆಯವರು ಏರ್‌ಸಾಫ್ಟ್ ಗನ್ನಿಗೆ ಮೊದಲು ಮಾಡಬೇಕಾದ ಅಪ್‌ಗ್ರೇಡ್ ಯಾವುದು ಅಂತ ಕೇಳಿದರೆ ನಾನು ಮಾಸ್‌ಫೆಟ್ ಅನ್ನುತ್ತೇನೆ, ಅಂದರೆ ಟ್ರಿಗರ್ ಬದಲು ಮೋಟರಿನ ಕರೆಂಟ್ ಹೊರುವ ಎಲೆಕ್ಟ್ರಾನಿಕ್ ಸ್ವಿಚ್. ದುಬಾರಿ ಎಲೆಕ್ಟ್ರಾನಿಕ್ ಟ್ರಿಗರ್ ಬೋರ್ಡ್ ಆಮೇಲೆ ನೋಡೋಣ. ಮೊದಲು ಒಂದು ಸಾದಾ ಮಾಸ್‌ಫೆಟ್ಟನ್ನು ನಿಮ್ಮ ಕೈಯಾರೆ ಹಾಕಿ. ಅದನ್ನು ಅರ್ಥ ಮಾಡಿಕೊಂಡವರಿಗೆ ಮುಂದಿನದೆಲ್ಲ ಸುಲಭ.

ಮೊದಲಿಗೆ ಎರಡು ಮಾತು

ಏರ್‌ಸಾಫ್ಟ್ ಗನ್ ಹಾರಿಸುವುದು 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು. ಆದರೆ ನೋಡಲು ಅಸಲಿ ಬಂದೂಕಿನ ಹಾಗೆಯೇ ಇರುತ್ತದೆ. ದೂರದಿಂದ ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೊಳ್ಳುವ ಮೊದಲು, ಹೊರದೇಶದಿಂದ ತರಿಸುವ ಮೊದಲು ನಿಯಮ ಏನು ಅಂತ ಪೊಲೀಸ್ ಠಾಣೆಯಲ್ಲಿ ಕೇಳಿಕೊಳ್ಳಿ. ಪಣಂಬೂರು, ತಣ್ಣೀರುಬಾವಿಯಂಥ ಬೀಚಿಗೆ ಖಂಡಿತ ಒಯ್ಯಬೇಡಿ. ಒಪ್ಪಿಗೆ ಕೊಟ್ಟವರ ಸ್ವಂತ ಜಾಗದಲ್ಲಿ ಮಾತ್ರ ಆಡಿ. ಹೋಗುವಾಗ ಬರುವಾಗ ಮುಚ್ಚಿದ ಬ್ಯಾಗಿನಲ್ಲೇ ಇರಲಿ.

ಇನ್ನೊಂದು ಕಣ್ಣಿನ ವಿಷಯ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗಲೂ ಕನ್ನಡಕ ಹಾಕಿರಿ. ಗೇರ್‌ಬಾಕ್ಸಿನಿಂದ ಸ್ಪ್ರಿಂಗ್ ಹಾರಿದರೆ ನೇರ ಮುಖಕ್ಕೇ ಬರುತ್ತದೆ.

ಟ್ರಿಗರ್ ಒಳಗೆ ಏನಾಗುತ್ತದೆ

1990ರ ದಶಕದ ಆರಂಭದಲ್ಲಿ ಜಪಾನಿನ ಟೋಕಿಯೋ ಮರುಯಿ ಕಂಪನಿ ಎಲೆಕ್ಟ್ರಿಕ್ ಏರ್‌ಸಾಫ್ಟ್ ಗನ್‌ಗಳನ್ನು ಮಾರುಕಟ್ಟೆಗೆ ತಂದಿತು. ಅದರ ಮೂಲ ರಚನೆ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಮೋಟರ್ ಮೂರು ಗೇರ್ ತಿರುಗಿಸುತ್ತದೆ. ಕೊನೆಯ ಸೆಕ್ಟರ್ ಗೇರ್ ಪಿಸ್ಟನ್ನನ್ನು ಹಿಂದಕ್ಕೆ ಎಳೆದು ಬಿಡುತ್ತದೆ. ಸ್ಪ್ರಿಂಗ್ ಪಿಸ್ಟನ್ನನ್ನು ಮುಂದೆ ತಳ್ಳುತ್ತದೆ, ಆ ಗಾಳಿಗೆ ಗುಂಡು ಹಾರುತ್ತದೆ. ಸಿಂಗಲ್ ಮೋಡ್‌ನಲ್ಲಿ (ಒಂದು ಸಲ ಎಳೆದರೆ ಒಂದೇ ಗುಂಡು) ಒಂದು ಸುತ್ತು ಮುಗಿದ ಕೂಡಲೇ ಕಟ್-ಆಫ್ ಲಿವರ್ ಟ್ರಿಗರ್ ಕಾಂಟ್ಯಾಕ್ಟನ್ನು ಬಿಡಿಸುತ್ತದೆ.

ತೊಂದರೆ ಇರುವುದು ಈ ಕಾಂಟ್ಯಾಕ್ಟ್‌ನಲ್ಲಿ. ಮೋಟರಿಗೆ ಹೋಗುವ ಕರೆಂಟ್ ಪೂರ್ತಿ ಈ ಎರಡು ಸಣ್ಣ ತಗಡಿನ ಮೂಲಕವೇ ಹಾಯಬೇಕು. ಓಡುವಾಗ 20 ಆಂಪಿಯರ್ ಅಂತ ಇಟ್ಟುಕೊಳ್ಳಿ. ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಕಾಂಟ್ಯಾಕ್ಟ್ ಬಿಡುವಾಗ ಮೋಟರಿನ ಸುರುಳಿ ಕರೆಂಟನ್ನು ಸುಮ್ನೆ ಬಿಡುವುದಿಲ್ಲ, ಕಿಡಿ ಹಾರಿಸುತ್ತದೆ. ಪ್ರತಿ ಕಿಡಿಯೂ ಸ್ವಲ್ಪ ಲೋಹ ಸುಟ್ಟು ಮಸಿ ಮಾಡುತ್ತದೆ. ಆ ಸುಟ್ಟ ಗುಳಿಯಲ್ಲಿ ನಮ್ಮೂರಿನ ತೇವ ಕೂರುತ್ತದೆ, ಕಿಲುಬು ಕಟ್ಟುತ್ತದೆ. ಕಿಲುಬು ಇದ್ದಲ್ಲಿ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಲ್ಲಿ ಬಿಸಿ ಹೆಚ್ಚುತ್ತದೆ. ಮಸಿ ಹಿಡಿದ ಕಾಂಟ್ಯಾಕ್ಟ್‌ನಲ್ಲಿ ಬರೀ 50 ಮಿಲಿಓಮ್ ತಡೆ ಇದೆ ಅಂದುಕೊಳ್ಳಿ. 20 ಆಂಪಿಯರ್ ಹಾಯುವಾಗ ಅಲ್ಲಿ 20 ವ್ಯಾಟ್ ಬಿಸಿ. ಒಂದು ಸಣ್ಣ ಸೋಲ್ಡರಿಂಗ್ ಐರನ್ ಹತ್ತಿರಹತ್ತಿರ ಇಷ್ಟೇ ಇರುತ್ತದೆ, ಅಲ್ವಾ?

ಮಾಸ್‌ಫೆಟ್ ಈ ಭಾರವನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ. ಅದಕ್ಕೆ ಮೂರು ಕಾಲು: ಗೇಟ್, ಡ್ರೈನ್, ಸೋರ್ಸ್. ಗೇಟ್‌ಗೆ ವೋಲ್ಟೇಜ್ ಕೊಟ್ಟರೆ ಡ್ರೈನ್‌ನಿಂದ ಸೋರ್ಸ್‌ಗೆ ದಾರಿ ತೆರೆಯುತ್ತದೆ. ಟ್ರಿಗರ್ ಕಾಂಟ್ಯಾಕ್ಟ್ ಇನ್ನು ಮೇಲೆ ಗೇಟ್‌ಗೆ ಸುದ್ದಿ ಮುಟ್ಟಿಸಿದರೆ ಸಾಕು, ಹೊರೆ ಹೊರಬೇಕಾಗಿಲ್ಲ. ನಾನು ಬಳಸುವುದು ಐಆರ್‌ಎಲ್‌ಬಿ3034. ಅದು 40 ವೋಲ್ಟಿನದು, ಪೂರ್ತಿ ತೆರೆದಾಗ ತಡೆ ಹೆಚ್ಚೆಂದರೆ 1.7 ಮಿಲಿಓಮ್. ಅದೇ 20 ಆಂಪಿಯರ್‌ಗೆ ಬಿಸಿ 0.68 ವ್ಯಾಟ್ ಮಾತ್ರ. ಬಿಸಿ ಎಳೆದುಕೊಳ್ಳುವ ಲೋಹದ ಹೀಟ್ ಸಿಂಕ್ ಬೇಡವೇ ಬೇಡ.

ಇದರಿಂದ ಗುಂಡಿನ ವೇಗ ಹೆಚ್ಚುತ್ತದೆ ಅಂತ ಕೆಲವರು ಹೇಳುತ್ತಾರೆ. ಹೆಚ್ಚುವುದಿಲ್ಲ. ವೇಗ ತೀರ್ಮಾನಿಸುವುದು ಸ್ಪ್ರಿಂಗ್, ಗಾಳಿ ಸೋರಿಕೆ ಮತ್ತು ಬ್ಯಾರೆಲ್. ಮಾಸ್‌ಫೆಟ್ ಹಾಕಿದರೆ ಟ್ರಿಗರ್ ಚುರುಕಾಗುತ್ತದೆ, ಕಾಂಟ್ಯಾಕ್ಟ್ ಬಾಳಿಕೆ ಬರುತ್ತದೆ.

ಬೇಕಾಗುವ ಸಾಮಾನು

ಹಂಪನಕಟ್ಟೆಯ ಸುತ್ತಮುತ್ತಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ರೆಸಿಸ್ಟರ್, ಡಯೋಡ್, ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಸಿಗುತ್ತವೆ. ಮಾಸ್‌ಫೆಟ್ ಮತ್ತು ಸಿಲಿಕಾನ್ ವೈರ್ ಆನ್‌ಲೈನ್‌ನಲ್ಲಿ ತರಿಸುವುದು ಒಳ್ಳೆಯದು. ಮಾಸ್‌ಫೆಟ್ ಎರಡು ತರಿಸಿ, ಒಂದು ಕೈತಪ್ಪಿ ಹಾಳಾದರೂ ಕೆಲಸ ನಿಲ್ಲಬಾರದು. 100 ಓಮ್‌ನ ಒಂದು ರೆಸಿಸ್ಟರ್, 10 ಕಿಲೋಓಮ್‌ನ ಇನ್ನೊಂದು. 1ಎನ್5822 ಶಾಟ್ಕಿ ಡಯೋಡ್ ಒಂದು. ದಪ್ಪ ವೈರ್ 16 ಗೇಜಿನದು, ಟ್ರಿಗರ್ ಸಿಗ್ನಲ್‌ಗೆ 26 ಅಥವಾ 28 ಗೇಜಿನ ತೆಳು ವೈರ್. ಕಾರಿನಲ್ಲಿ ಹಾಕುವ ಬ್ಲೇಡ್ ಫ್ಯೂಸ್, 25 ಅಥವಾ 30 ಆಂಪಿಯರಿನದು. ಬ್ಯಾಟರಿಗೆ ಹಳೆಯ ಟಮಿಯಾ ಕನೆಕ್ಟರ್ ಇದ್ದರೆ ಬಿಸಾಡಿ ಟಿ-ಪ್ಲಗ್ ಅಥವಾ ಎಕ್ಸ್‌ಟಿ30 ಹಾಕಿ. 60 ವ್ಯಾಟ್ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಮತ್ತು ಬೈಕಿನ ಬ್ರೇಕ್ ಲೈಟಿನ 12 ವೋಲ್ಟ್ 21 ವ್ಯಾಟ್ ಬಲ್ಬ್ ಬೇಕು. ಬಲ್ಬ್ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ರೆಸಿಸ್ಟರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗೇಟ್ ಮತ್ತು ಸೋರ್ಸ್ ನಡುವೆ ಹಾಕುವ ಪುಲ್-ಡೌನ್ ರೆಸಿಸ್ಟರ್‌ನ ಕೆಲಸ ಟ್ರಿಗರ್ ಬಿಟ್ಟಾಗ ಗೇಟ್‌ನಲ್ಲಿ ಉಳಿದ ವೋಲ್ಟೇಜನ್ನು ಇಳಿಸುವುದು. ಹೊರದೇಶದ ಚಿತ್ರಗಳಲ್ಲಿ 33 ಕಿಲೋಓಮ್, 100 ಕಿಲೋಓಮ್ ಅಂತೆಲ್ಲ ತೋರಿಸುತ್ತಾರೆ. ಒಣ ಹವೆಗೆ ಅದು ಸರಿ. ನಮ್ಮಲ್ಲಿ ಕಾಂಟ್ಯಾಕ್ಟ್ ನಡುವೆ ಗ್ರೀಸ್, ಮಸಿ, ಉಪ್ಪುತೇವ ಸೇರಿ ಹಸಿ ಕೊಳೆ ಕೂರುತ್ತದೆ. ಆ ಕೊಳೆಯ ಮೂಲಕ ಸಣ್ಣ ಕರೆಂಟ್ ಸೋರಬಹುದು. ಕೊಳೆಯ ತಡೆ 100 ಕಿಲೋಓಮ್ ಅಂದುಕೊಳ್ಳಿ. ಪುಲ್-ಡೌನ್ ಕೂಡ 100 ಕಿಲೋಓಮ್ ಆದರೆ 11.1 ವೋಲ್ಟ್ ಬ್ಯಾಟರಿಯ ಅರ್ಧ, ಅಂದರೆ ಸುಮಾರು 5.5 ವೋಲ್ಟ್ ಗೇಟ್‌ಗೆ ಸಿಗುತ್ತದೆ. ಮಾಸ್‌ಫೆಟ್ ತೆರೆಯಲು ಅಷ್ಟು ಸಾಕು. ಟ್ರಿಗರ್ ಮುಟ್ಟದೆಯೇ ಗನ್ ಓಡುತ್ತದೆ. 10 ಕಿಲೋಓಮ್ ಹಾಕಿದರೆ ಅದೇ ಕೊಳೆಯಲ್ಲಿ ಗೇಟ್‌ಗೆ ಸಿಗುವುದು ಹತ್ತಿರಹತ್ತಿರ 1 ವೋಲ್ಟ್. ಜೊತೆಗೆ ಟ್ರಿಗರ್ ಮೂಲಕ 1.1 ಮಿಲಿಆಂಪಿಯರ್ ಹಾಯುವುದರಿಂದ ಸಿಗ್ನಲ್ ಕೂಡ ಗಟ್ಟಿ. ಕರಾವಳಿಯಲ್ಲಿ 10 ಕಿಲೋಓಮ್‌ಗಿಂತ ದೊಡ್ಡದು ಹಾಕಬೇಡಿ.

ಗೇರ್‌ಬಾಕ್ಸ್ ಬಿಚ್ಚುವುದು

ಬ್ಯಾಟರಿ ತೆಗೆಯಿರಿ, ಮ್ಯಾಗಜೀನ್ ತೆಗೆಯಿರಿ. ಬ್ಯಾರೆಲ್ ಒಳಗೆ ಗುಂಡು ಉಳಿದಿದೆಯಾ ನೋಡಿ. ಇಲ್ಲಿ ಎಂ4ನ ವರ್ಷನ್ 2 ಗೇರ್‌ಬಾಕ್ಸ್ ಹೇಳುತ್ತಿದ್ದೇನೆ. ಎಕೆಯ ವರ್ಷನ್ 3ರಲ್ಲಿ ಜೋಡಣೆ ಬೇರೆ, ವೈರಿಂಗ್ ಲೆಕ್ಕ ಒಂದೇ.

ಮುಂದಿನ ಪಿನ್ ತಳ್ಳಿ ಮೇಲಿನ ಭಾಗ ಜಾರಿಸಿ ತೆಗೆಯಿರಿ. ಗ್ರಿಪ್ ಅಡಿಯ ತಗಡು ಬಿಚ್ಚಿ ಮೋಟರ್ ಹೊರಗೆ ಎಳೆಯಿರಿ. ಮೋಟರಿನ ಕೆಂಪು ವೈರ್ ಯಾವ ಕಡೆ ಇತ್ತು ಅಂತ ಫೋಟೋ ತೆಗೆದಿಡಿ. ಆಮೇಲೆ ಗ್ರಿಪ್ ಒಳಗಿನ ಸ್ಕ್ರೂ, ಸ್ಟಾಕ್, ಮ್ಯಾಗಜೀನ್ ಬಿಡಿಸುವ ಗುಂಡಿ, ಬಾಡಿ ಪಿನ್. ಎಲ್ಲ ಬಿಚ್ಚಿದ ಮೇಲೆ ಗೇರ್‌ಬಾಕ್ಸ್ ಹೊರಗೆ ಬರುತ್ತದೆ. ಬಲ ಹಾಕಿ ಎಳೆಯಬೇಡಿ. ಬರುತ್ತಿಲ್ಲ ಅಂದರೆ ಎಲ್ಲೋ ಒಂದು ಪಿನ್ ಉಳಿದಿದೆ ಅಂತಲೇ ಅರ್ಥ.

ಸ್ಕ್ರೂ ಬಿಚ್ಚುವ ಮೊದಲು ಸ್ಪ್ರಿಂಗ್ ಎಳೆತ ಇಳಿಸಬೇಕು. ಮೋಟರ್ ತೆಗೆದಾಗ ಕಾಣುವ ಬೆವಲ್ ಗೇರನ್ನು ಒಂಚೂರು ತಿರುಗಿಸಿ, ಗೇರ್ ಹಿಂದೆ ತಿರುಗದಂತೆ ತಡೆಯುವ ಆಂಟಿ-ರಿವರ್ಸಲ್ ಲ್ಯಾಚನ್ನು ಸಣ್ಣ ಕೊಕ್ಕೆಯಿಂದ ಸರಿಸಿ. ಗೇರುಗಳು ಗರ್ರ್ ಅಂತ ಹಿಂದೆ ತಿರುಗಿ ನಿಲ್ಲುತ್ತವೆ. ಇಷ್ಟಾದರೂ ಸ್ಪ್ರಿಂಗ್ ಪೂರ್ತಿ ಸಡಿಲ ಆಗಿರುವುದಿಲ್ಲ. ಹಿಂದಿನ ತೂತಿನಿಂದ ಸ್ಪ್ರಿಂಗ್ ಗೈಡ್ ಒಳಗೆ ಉದ್ದದ ಸ್ಕ್ರೂಡ್ರೈವರ್ ತೂರಿಸಿ ಹಿಡಿದುಕೊಂಡೇ ಮೇಲಿನ ಹೋಳು ಎತ್ತಿ. ಗೇರುಗಳ ಕಂಬಕ್ಕೆ ಹಾಕಿರುವ ಶಿಮ್ ಅನ್ನುವ ತೆಳು ಬಿಲ್ಲೆಗಳು ಗ್ರೀಸ್‌ಗೆ ಅಂಟಿ ಮೇಲಿನ ಹೋಳಿನ ಜೊತೆಗೇ ಹೋಗುತ್ತವೆ. ಯಾವ ಗೇರಿನದು, ಎಷ್ಟಿತ್ತು ಅಂತ ಆಗಲೇ ಬರೆದಿಡಿ. ಬಿಳಿ ಬಟ್ಟೆ ಹಾಸಿ ಕೆಲಸ ಮಾಡಿದರೆ ಬಿದ್ದದ್ದು ಸಿಗುತ್ತದೆ.

ಕಾಂಟ್ಯಾಕ್ಟನ್ನು ತೀರಾ ನಯವಾದ ಸ್ಯಾಂಡ್‌ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮಾಸ್‌ಫೆಟ್ ಹಾಕುತ್ತೇವಲ್ಲ, ಕೊಳೆ ಇದ್ದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ಮೊದಲು ದೊಡ್ಡ ಕರೆಂಟ್ ತೆಳುವಾದ ಕಿಲುಬನ್ನು ಸುಟ್ಟುಕೊಂಡು ಹಾಯುತ್ತಿತ್ತು. ಈಗಿನ ಮಿಲಿಆಂಪಿಯರ್‌ಗೆ ಆ ಶಕ್ತಿ ಇಲ್ಲ.

ವೈರಿಂಗ್

ಇದೇ ಕೆಲಸದ ಹೃದಯ. ಕಾಗದದ ಮೇಲೆ ಒಮ್ಮೆ ಬರೆದುಕೊಂಡೇ ಶುರು ಮಾಡಿ.

ಮಾಸ್‌ಫೆಟ್ಟಿನ ಅಕ್ಷರ ಅಚ್ಚಾದ ಮುಖ ನಿಮ್ಮ ಕಡೆ, ಕಾಲುಗಳು ಕೆಳಗೆ ಇರುವ ಹಾಗೆ ಹಿಡಿಯಿರಿ. ಎಡದಿಂದ ಗೇಟ್, ಡ್ರೈನ್, ಸೋರ್ಸ್. ಬೆನ್ನಿನ ಲೋಹದ ತಗಡು ಕೂಡ ಡ್ರೈನ್‌ಗೇ ಸೇರಿದ್ದು. ಇದನ್ನು ಮರೆಯಬೇಡಿ.

ಬ್ಯಾಟರಿಯ ಪಾಸಿಟಿವ್ ಫ್ಯೂಸ್ ದಾಟಿ ನೇರ ಮೋಟರಿನ ಪಾಸಿಟಿವ್‌ಗೆ ಹೋಗಲಿ, ನಡುವೆ ಟ್ರಿಗರ್ ಬೇಡ. ಮೋಟರಿನ ನೆಗೆಟಿವ್ ಡ್ರೈನ್‌ಗೆ. ಸೋರ್ಸ್ ಬ್ಯಾಟರಿಯ ನೆಗೆಟಿವ್‌ಗೆ. ದಪ್ಪ ವೈರ್ ಇಷ್ಟಕ್ಕೇ ಮುಗಿಯಿತು. ಫ್ಯೂಸ್ ದಾಟಿದ ಪಾಸಿಟಿವ್‌ನಿಂದ ಒಂದು ತೆಳು ವೈರ್ ಟ್ರಿಗರ್ ಕಾಂಟ್ಯಾಕ್ಟಿನ ಒಂದು ಬದಿಗೆ ಹೋಗಬೇಕು. ಇನ್ನೊಂದು ಬದಿಯಿಂದ ವಾಪಸ್ ಬಂದ ತೆಳು ವೈರ್ 100 ಓಮ್ ರೆಸಿಸ್ಟರ್ ಮೂಲಕ ಗೇಟ್‌ಗೆ. 10 ಕಿಲೋಓಮ್ ರೆಸಿಸ್ಟರ್ ಗೇಟ್ ಮತ್ತು ಸೋರ್ಸ್ ನಡುವೆ. ಕೊನೆಗೆ ಡಯೋಡ್: ಬೆಳ್ಳಿ ಗೆರೆ ಇರುವ ತುದಿ ಮೋಟರಿನ ಪಾಸಿಟಿವ್‌ಗೆ, ಇನ್ನೊಂದು ತುದಿ ಡ್ರೈನ್‌ಗೆ. ಮೋಟರ್ ನಿಲ್ಲುವಾಗ ಕಿಡಿಯಾಗಿ ಹೊರಬರುತ್ತಿದ್ದ ಕರೆಂಟಿಗೆ ಇದೇ ಹೊರದಾರಿ. ಉಲ್ಟಾ ಹಾಕಿದರೆ ಟ್ರಿಗರ್ ಎಳೆದ ಕೂಡಲೇ ಶಾರ್ಟ್ ಆಗುತ್ತದೆ.

ಬೆಸುಗೆ ಹಾಕುವಾಗ ಮೊದಲು ವೈರ್ ತುದಿಗೂ ಕಾಲಿಗೂ ಬೇರೆಬೇರೆಯಾಗಿ ಸೋಲ್ಡರ್ ಹಿಡಿಸಿ, ಆಮೇಲೆ ಜೋಡಿಸಿ ಎರಡು ಮೂರು ಸೆಕೆಂಡ್ ಬಿಸಿ ಕೊಡಿ. 63/37 (ತವರ-ಸೀಸ) ಸೋಲ್ಡರ್ 183 ಡಿಗ್ರಿಗೆ ಕರಗುತ್ತದೆ, ಬೇಗ ಗಟ್ಟಿಯಾಗುತ್ತದೆ. ಹೊಸಬರಿಗೆ ಅದೇ ಸುಲಭ. ತಣ್ಣಗಾದ ಮೇಲೆ ಬೆಸುಗೆ ನುಣ್ಣಗೆ ಹೊಳೆಯಬೇಕು. ಬೂದಿ ಬಣ್ಣದ ಉಂಡೆ ಕಂಡರೆ ಮತ್ತೆ ಕರಗಿಸಿ. ಮುಗಿದ ಮೇಲೆ, ಸೋಲ್ಡರ್ ಹಿಡಿಯಲು ಹಚ್ಚಿದ ಫ್ಲಕ್ಸ್ ಪೇಸ್ಟನ್ನು ಹಲ್ಲುಜ್ಜುವ ಹಳೆ ಬ್ರಷ್ ಮತ್ತು ಆಲ್ಕೋಹಾಲ್‌ನಿಂದ ಚೆನ್ನಾಗಿ ತೊಳೆಯಿರಿ. ಹಾಗೇ ಬಿಟ್ಟ ಪೇಸ್ಟ್ ನಮ್ಮ ಹವೆಯಲ್ಲಿ ತೇವ ಎಳೆದು ಒಂದೇ ಮಳೆಗಾಲದಲ್ಲಿ ಕಾಲುಗಳನ್ನು ತಿನ್ನುತ್ತದೆ.

ಪ್ರತಿ ಕಾಲಿಗೂ ಬೇರೆಬೇರೆ ಹೀಟ್ ಶ್ರಿಂಕ್, ಅದರ ಮೇಲೆ ಇಡೀ ಮಾಸ್‌ಫೆಟ್‌ಗೆ ಒಂದು ದೊಡ್ಡದು. ಬೆನ್ನಿನ ತಗಡು ಎಲ್ಲೂ ಕಾಣಬಾರದು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಮೊದಲ ಗನ್ನಿನಲ್ಲಿ ಆ ತಗಡಿನ ಒಂದು ಮೂಲೆ ಮುಚ್ಚದೆ ಉಳಿದಿತ್ತು. ಅದು ಗೇರ್‌ಬಾಕ್ಸಿನ ಲೋಹಕ್ಕೆ ತಾಗುತ್ತಿತ್ತು. ಅಷ್ಟರಿಂದ ಏನೂ ಆಗಲಿಲ್ಲ, ಎರಡು ಆಟ ಚೆನ್ನಾಗಿಯೇ ನಡೆಯಿತು. ಆದರೆ ಗೇರ್‌ಬಾಕ್ಸ್ ಮುಚ್ಚುವಾಗ ಬ್ಯಾಟರಿಯ ಕಪ್ಪು ವೈರ್ ಎರಡು ಹೋಳಿನ ನಡುವೆ ಸಿಕ್ಕಿಬಿದ್ದು ಅದರ ಸಿಪ್ಪೆ ಕೂದಲೆಳೆಯಷ್ಟು ಕತ್ತರಿಸಿತ್ತು. ಮೂರನೆಯ ಸಲ ಬ್ಯಾಟರಿ ಸಿಕ್ಕಿಸಿದ ತಕ್ಷಣ ಮೋಟರ್ ತಾನಾಗಿ ಓಡತೊಡಗಿತು. ಡ್ರೈನ್‌ನಿಂದ ಗೇರ್‌ಬಾಕ್ಸಿಗೆ, ಅಲ್ಲಿಂದ ನೇರ ಬ್ಯಾಟರಿ ನೆಗೆಟಿವ್‌ಗೆ ದಾರಿ ಆಗಿತ್ತು. ಮೋಟರ್ ಎಳೆಯುತ್ತಿದ್ದುದು ಯಾವತ್ತಿನ ಕರೆಂಟನ್ನೇ, ಹಾಗಾಗಿ ಫ್ಯೂಸ್ ಕೂಡ ಹೋಗಲಿಲ್ಲ. ಪ್ಲಗ್ ಎಳೆದು ತೆಗೆಯುವಾಗ ನನ್ನ ಕೈ ನಡುಗುತ್ತಿತ್ತು. ಅದೃಷ್ಟಕ್ಕೆ ಮ್ಯಾಗಜೀನ್ ಹಾಕಿರಲಿಲ್ಲ, ಬ್ಯಾರೆಲ್ ಗೋಡೆ ಕಡೆ ಇತ್ತು.

ಮಾಸ್‌ಫೆಟ್ ಸುಟ್ಟರೂ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಅದು ಒಳಗೇ ಶಾರ್ಟ್ ಆಗಿ ತೆರೆದೇ ಉಳಿಯುತ್ತದೆ. ಆದ್ದರಿಂದ ಬ್ಯಾಟರಿ ಪ್ಲಗ್ ಒಂದೇ ಕೈಯಲ್ಲಿ ತಕ್ಷಣ ಎಳೆಯುವ ಜಾಗದಲ್ಲಿರಲಿ. ಬ್ಯಾಟರಿ ಸಿಕ್ಕಿಸುವಾಗ ಮ್ಯಾಗಜೀನ್ ಹೊರಗೆ, ಬ್ಯಾರೆಲ್ ಯಾರೂ ಇಲ್ಲದ ಕಡೆಗೆ.

ಬಲ್ಬ್ ಪರೀಕ್ಷೆ

ಎಲ್ಲ ಜೋಡಿಸಿ ಮುಚ್ಚುವ ಮೊದಲು ಮೋಟರ್ ಬದಲು ಬೈಕಿನ ಬಲ್ಬ್ ಕಟ್ಟಿ. ಟ್ರಿಗರ್ ಎಳೆದರೆ ಉರಿಯಬೇಕು, ಬಿಟ್ಟರೆ ಆ ಕ್ಷಣವೇ ಆರಬೇಕು. ಬಿಟ್ಟ ಮೇಲೂ ಮಂದವಾಗಿ ಉರಿದರೆ ಪುಲ್-ಡೌನ್ ರೆಸಿಸ್ಟರಿನ ಬೆಸುಗೆ ನೋಡಿ. ಎಳೆಯದೆಯೇ ಉರಿದರೆ ಡ್ರೈನ್ ಮತ್ತು ಸೋರ್ಸ್ ಅದಲುಬದಲಾಗಿರಬಹುದು ಅಥವಾ ಮಾಸ್‌ಫೆಟ್ ಹೋಗಿರಬಹುದು. ಮಾಸ್‌ಫೆಟ್ಟಿನ ಗೇಟ್ ಕೈಯ ಸ್ಥಿರ ವಿದ್ಯುತ್ತಿಗೂ ಹಾಳಾಗುತ್ತದೆ.

ಆಮೇಲೆ ಮೋಟರನ್ನು ಅದರ ಜಾಗಕ್ಕೆ ಹಾಕಿ, ಅದೇ ಬಲ್ಬನ್ನು ಬ್ಯಾಟರಿ ಪಾಸಿಟಿವ್ ಮತ್ತು ಗನ್ನಿನ ನಡುವೆ ಸರಣಿಯಲ್ಲಿ ಕಟ್ಟಿ. ಟ್ರಿಗರ್ ಮುಟ್ಟದಿರುವಾಗ ಬಲ್ಬ್ ಕತ್ತಲಾಗಿರಬೇಕು. ಎಳೆದಾಗ ಬಲ್ಬ್ ಉರಿಯುತ್ತದೆ, ಮೋಟರ್ ತಿರುಗದೇ ಇರಬಹುದು. ಒಳಗೆ ಎಲ್ಲಿ ಶಾರ್ಟ್ ಇದ್ದರೂ ಬಲ್ಬ್ ಎರಡು ಆಂಪಿಯರ್ ಆಸುಪಾಸಿಗೆ ತಡೆಯುವುದರಿಂದ ಏನೂ ಸುಡುವುದಿಲ್ಲ. ಇದು ದಾಟಿದ ಮೇಲೆಯೇ ನೇರ ಬ್ಯಾಟರಿ.

ಬೋರ್ಡ್ ಹಾಕುವವರಿಗೆ

ಗೇಟ್ (GATE) ಅನ್ನುವ ಹೆಸರಿನ ಕಂಪನಿಯ ಟೈಟನ್‌ನಂಥ ಬೋರ್ಡ್‌ಗಳು ಹಳೆಯ ಕಾಂಟ್ಯಾಕ್ಟನ್ನು ಪೂರ್ತಿ ತೆಗೆದು ಆ ಜಾಗದಲ್ಲಿ ಕೂರುತ್ತವೆ. ಟೈಟನ್‌ನಲ್ಲಿ ಟ್ರಿಗರ್, ಗೇರ್ ಎಲ್ಲಿದೆ ಅಂತ ಬೆಳಕಿನ ಸೆನ್ಸರ್ ನೋಡುತ್ತದೆ. ಬೇರೆ ಕೆಲವದರಲ್ಲಿ ಮೈಕ್ರೋಸ್ವಿಚ್ ಇರುತ್ತದೆ. ಸುತ್ತು ಅರ್ಧಕ್ಕೆ ನಿಲ್ಲದಂತೆ ನೋಡಿಕೊಳ್ಳುವುದು, ಮೂರು ಗುಂಡಿನ ಬರ್ಸ್ಟ್, ಬ್ಯಾಟರಿ ಕಡಿಮೆಯಾದರೆ ನಿಲ್ಲಿಸುವುದು, ಮೋಟರಿಗೆ ಬ್ರೇಕ್, ಇವೆಲ್ಲ ಸಿಗುತ್ತವೆ.

ಹಾಕುವಾಗ ಗಮನಿಸಬೇಕಾದದ್ದು ಗ್ರೀಸ್. ಸೆನ್ಸರ್ ಮೇಲೆ ಒಂದು ಹನಿ ಬಿದ್ದರೂ ಅದಕ್ಕೆ ಗೇರ್ ಕಾಣುವುದಿಲ್ಲ. ಗೇರಿಗೆ ತೆಳುವಾಗಿ ಸವರಿ. ಕಟ್-ಆಫ್ ಲಿವರ್ ತೆಗೆಯಬೇಕೋ ಉಳಿಸಬೇಕೋ ಅನ್ನುವುದು ಬೋರ್ಡಿನಿಂದ ಬೋರ್ಡಿಗೆ ಬೇರೆ, ಜೊತೆಗೆ ಬಂದ ಹಾಳೆಯನ್ನೇ ನಂಬಿ. ಬೋರ್ಡ್ ಸಲೀಸಾಗಿ ಕೂರದಿದ್ದರೆ ಸ್ಕ್ರೂ ಬಿಗಿದು ಕೂರಿಸಬೇಡಿ, ಬಿರುಕು ಬಿಡುತ್ತದೆ. ಗೇರ್‌ಬಾಕ್ಸ್ ಹೋಳಿನ ಒಳಗಿನ ಉಬ್ಬನ್ನು ಅರದಿಂದ ಸ್ವಲ್ಪ ಉಜ್ಜಿ, ಪುಡಿ ಒಂದಿಷ್ಟೂ ಉಳಿಯದಂತೆ ತೊಳೆಯಿರಿ.

ಬ್ರೇಕ್ ಎಲ್ಲರಿಗೂ ಬೇಕಿಲ್ಲ. ಸಿಂಗಲ್‌ನಲ್ಲಿ ಎಳೆದಾಗ ಎರಡು ಗುಂಡು ಹೋಗುತ್ತಿದ್ದರೆ ಮಾತ್ರ ಹಾಕಿ. ಬ್ರೇಕ್ ಅಂದರೆ ಮೋಟರಿನ ಎರಡು ತುದಿಯನ್ನು ಒಂದಕ್ಕೊಂದು ಸೇರಿಸಿ ನಿಲ್ಲಿಸುವುದು. ಅದರಿಂದ ಬ್ರಷ್ ಸವೆಯುತ್ತದೆ, ಮೋಟರ್ ಬಿಸಿಯಾಗುತ್ತದೆ. ಕಡಿಮೆ ಮಟ್ಟದಿಂದ ಶುರು ಮಾಡಿ ಏರಿಸುತ್ತಾ ಹೋಗಿ.

ಗೇರುಗಳ ಶಿಮ್ಮಿಂಗ್ ಸರಿ ಇಲ್ಲದ ಗನ್ನಿಗೆ ಎಂಥ ಬೋರ್ಡ್ ಹಾಕಿದರೂ ಕಿರುಚುವುದು ಕಿರುಚುತ್ತದೆ. ದುಡ್ಡು ಕಡಿಮೆ ಇದ್ದರೆ ಮೊದಲು ಅದನ್ನೇ ಸರಿ ಮಾಡಿಸಿ.

ಬ್ಯಾಟರಿ

7.4 ವೋಲ್ಟಿನ ಎರಡು ಸೆಲ್ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹೆಚ್ಚಿನವರಿಗೆ ಸಾಕು. ಮಾಸ್‌ಫೆಟ್ ಇದ್ದರೆ 11.1 ವೋಲ್ಟ್ ಹಾಕಬಹುದು, ಆದರೆ ಪಿಸ್ಟನ್ ಹಲ್ಲು ಅದನ್ನು ತಡೆಯುವಂಥದ್ದಾಗಿರಬೇಕು. ಸೆಲ್ ಒಂದಕ್ಕೆ ಫುಲ್ ಚಾರ್ಜ್ 4.2 ವೋಲ್ಟ್, ಆಟದಲ್ಲಿ 3.5ಕ್ಕೆ ಇಳಿದರೆ ನಿಲ್ಲಿಸಿ, ಎತ್ತಿಡುವಾಗ 3.8. ಸಾದಾ ಮಾಸ್‌ಫೆಟ್ ಬ್ಯಾಟರಿಯನ್ನು ಕಾಯುವುದಿಲ್ಲ. ಲೈಪೋ ಅಲಾರಾಂ ಒಂದನ್ನು ಬ್ಯಾಟರಿಗೆ ಸಿಕ್ಕಿಸಿಡಿ. ಚಾರ್ಜ್ ಮಾಡುವಾಗ ಪಕ್ಕದಲ್ಲೇ ಇರಿ. ಊದಿಕೊಂಡ ಬ್ಯಾಟರಿಯನ್ನು ಇನ್ನೊಮ್ಮೆ ಚಾರ್ಜ್‌ಗೆ ಹಾಕಬೇಡಿ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ.

ಮಳೆಗಾಲಕ್ಕೆ ತಯಾರಿ

ಬೆಸುಗೆ ಹಾಕಿದ ಜಾಗಗಳಿಗೆಲ್ಲ ತೇವ ತಡೆಯುವ ತೆಳು ಲೇಪ, ಕನ್ಫಾರ್ಮಲ್ ಕೋಟಿಂಗ್, ಹೊಡೆಯಿರಿ. ಸಿಗದಿದ್ದರೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಸಲ ಹಚ್ಚಿದರೂ ಆಗುತ್ತದೆ. ಟ್ರಿಗರ್ ಕಾಂಟ್ಯಾಕ್ಟ್, ಮೈಕ್ರೋಸ್ವಿಚ್, ಬೆಳಕಿನ ಸೆನ್ಸರ್ ಮೇಲೆ ಮಾತ್ರ ಬೀಳಬಾರದು. ಪ್ಲಗ್ ಒಳಗೆ ಒಂಚೂರು ಸಿಲಿಕಾನ್ ಗ್ರೀಸ್ ಸವರಿದರೆ ಕಿಲುಬು ಬರುವುದು ತಡವಾಗುತ್ತದೆ.

ಮಳೆಯಲ್ಲಿ ಆಡಿ ಬಂದ ದಿನ ಗನ್ನನ್ನು ಬ್ಯಾಗಿನಲ್ಲೇ ಬಿಡಬೇಡಿ. ಬ್ಯಾಟರಿ ತೆಗೆದು, ಮೇಲಿನ ಭಾಗ ಬಿಚ್ಚಿ, ರಾತ್ರಿಯಿಡೀ ಫ್ಯಾನ್ ಕೆಳಗೆ ಇಡಿ. ಬ್ಯಾಟರಿ ತೆಗೆಯುವ ಮೊದಲು ಮ್ಯಾಗಜೀನ್ ಇಲ್ಲದೆ ಸಿಂಗಲ್‌ನಲ್ಲಿ ಒಂದೆರಡು ಸಲ ಎಳೆದರೆ ಸ್ಪ್ರಿಂಗ್ ಸಡಿಲಾಗಿ ನಿಲ್ಲುತ್ತದೆ. ಬೋರ್ಡ್‌ನಲ್ಲಿ ಪ್ರೀ-ಕಾಕಿಂಗ್ (ಮುಂದಿನ ಗುಂಡಿಗೆ ಸ್ಪ್ರಿಂಗನ್ನು ಮೊದಲೇ ಎಳೆದಿಡುವುದು) ಹಾಕಿದ್ದರೆ ಅದನ್ನು ಆಫ್ ಮಾಡಿ ಹೀಗೆ ಎಳೆಯಿರಿ.

ಸುರತ್ಕಲ್ ಗೆಳೆಯನ ಗನ್ನನ್ನು ಮುಂದಿನ ಆಟಿಯಲ್ಲಿ ಮತ್ತೆ ಬಿಚ್ಚಿದೆವು. ಪ್ಲಗ್ ಮೇಲೆ ಸ್ವಲ್ಪ ಕಿಲುಬು ಇತ್ತು, ಬ್ರಷ್‌ನಿಂದ ಉಜ್ಜಿದೆವು. ಟ್ರಿಗರ್ ಕಾಂಟ್ಯಾಕ್ಟಿನ ತಗಡು, ನಾವು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದ ಗೆರೆಗಳು ಕೂಡ ಕಾಣುವ ಹಾಗೆ, ಹಾಗೆಯೇ ಇತ್ತು.